ಕಣ್ಣೆದುರೇ ಇದ್ದರೂ ಕಾಣದ ಪುಟ್ಟ ಗ್ಯಾಲಕ್ಸಿಗಳು: ಓದುಗರ ಪ್ರಶ್ನೆಗೆ ಉತ್ತರ

ಕಳೆದ ಸಂಚಿಕೆಯಲ್ಲಿ ನಮ್ಮ ಆಕಾಶಗಂಗೆಯನ್ನು ಸುತ್ತುವ ಕುಬ್ಜ ಗ್ಯಾಲಕ್ಸಿಗಳ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿ ಖುಷಿಯಾಯಿತು. ಈ ಸಲ ಅಂಕಣದ ಪೂರ್ತಿ ಜಾಗ ಅವಕ್ಕೇ.

ಪ್ರಶ್ನೆ: ಭೂಮಿಗೆ ಚಂದ್ರ ಉಪಗ್ರಹ, ಅದು ಗೊತ್ತು. ಒಂದು ಗ್ಯಾಲಕ್ಸಿಗೆ ಇನ್ನೊಂದು ಗ್ಯಾಲಕ್ಸಿ ಉಪಗ್ರಹ ಆಗುವುದು ಹೇಗೆ? ನಮ್ಮ ಆಕಾಶಗಂಗೆಗೆ ಅಂಥವು ಎಷ್ಟಿವೆ?
(ಪಿಯು ವಿದ್ಯಾರ್ಥಿನಿ, ಹಾಸನ)

ಉತ್ತರ: ಎರಡಕ್ಕೂ ಕಾರಣ ಒಂದೇ, ಗುರುತ್ವ. ಆಕಾಶಗಂಗೆಯಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ಇಷ್ಟು ದೊಡ್ಡ ಸಂಸಾರದ ಪಕ್ಕ ಚಿಕ್ಕದೊಂದು ಗ್ಯಾಲಕ್ಸಿ ಬಂದರೆ ಅದರ ಹಿಡಿತಕ್ಕೆ ಸಿಕ್ಕಿ ಸುತ್ತಲು ಶುರುಮಾಡುತ್ತದೆ. ಚಂದ್ರನಿಗೆ ಒಂದು ಸುತ್ತಿಗೆ ಒಂದು ತಿಂಗಳು ಸಾಕು. ಇವುಗಳಲ್ಲಿ ಕೆಲವಕ್ಕೆ ನೂರು ಕೋಟಿ ವರ್ಷಕ್ಕೂ ಜಾಸ್ತಿ ಬೇಕು.

ದಕ್ಷಿಣ ಗೋಳಾರ್ಧದ ಜನಕ್ಕೆ ಇಂಥ ಎರಡು ಗ್ಯಾಲಕ್ಸಿಗಳು ಮೊದಲಿಂದಲೂ ಬರಿಗಣ್ಣಿಗೇ ಕಾಣುತ್ತಿದ್ದವು: ದೊಡ್ಡ ಮತ್ತು ಚಿಕ್ಕ ಮೆಗೆಲ್ಲನ್ ಮೋಡಗಳು. ಮೂರನೆಯದು ಸಿಗಲು 1938ರವರೆಗೆ ಕಾಯಬೇಕಾಯಿತು. ದಕ್ಷಿಣ ಆಫ್ರಿಕಾದ ಬಾಯ್ಡೆನ್ ವೀಕ್ಷಣಾಲಯದಲ್ಲಿ ತೆಗೆದ ಗಾಜಿನ ಫೋಟೋ ಪ್ಲೇಟಿನಲ್ಲಿ ಖಗೋಳ ವಿಜ್ಞಾನಿ ಹಾರ್ಲೋ ಶಾಪ್ಲಿಯವರಿಗೆ ಒಂದು ಮಸುಕು ಕಾಣಿಸಿತು. ಪ್ಲೇಟಿನ ಮೇಲೆ ಯಾರೋ ಬೆರಳು ಒತ್ತಿದ ಗುರುತಿನ ಹಾಗೆ ಇರುವ ಮಸುಕು ಅದು. ಹತ್ತಿರದಿಂದ ನೋಡಿದರೆ ಅದು ಪುಡಿಪುಡಿ ನಕ್ಷತ್ರಗಳ ಗುಂಪು. ಅದಕ್ಕೀಗ ಸ್ಕಲ್ಪ್ಟರ್ ಕುಬ್ಜ ಗ್ಯಾಲಕ್ಸಿ ಎಂದು ಹೆಸರು. ಆಮೇಲೆ ಒಂದೊಂದೇ ಸಿಗುತ್ತಾ ಬಂದವು. 1950ರಲ್ಲಿ ಸಿಕ್ಕ ಲಿಯೋ 1 ಎಲ್ಲಿದೆ ಗೊತ್ತಾ? ನಮ್ಮ ಮಘಾ ನಕ್ಷತ್ರದ ಪಕ್ಕದಲ್ಲೇ. ಎರಡರ ನಡುವಿನ ಅಂತರ ಹುಣ್ಣಿಮೆ ಚಂದ್ರನ ಅಗಲದಷ್ಟೂ ಇಲ್ಲ. ಮಘೆಯ ಹೊಳಪಿನಲ್ಲಿ ಅದು ಮುಚ್ಚಿಹೋಗಿತ್ತು.

ಹೀಗೆ 20ನೇ ಶತಮಾನ ಮುಗಿಯುವ ಹೊತ್ತಿಗೆ ಒಟ್ಟು 11 ಸಿಕ್ಕಿದ್ದವು. ಈಗ ಖಚಿತವಾದವು, ಇನ್ನೂ ಖಚಿತವಾಗಬೇಕಾದವು ಎಲ್ಲ ಸೇರಿ 60 ದಾಟಿವೆ.

ಪ್ರಶ್ನೆ: ಕೋಟ್ಯಂತರ ಬೆಳಕಿನ ವರ್ಷ ದೂರದ ಗ್ಯಾಲಕ್ಸಿಗಳ ಚಂದದ ಫೋಟೋ ದಿನಾ ನೋಡುತ್ತೇವೆ. ಒಂದೆರಡು ಲಕ್ಷ ಬೆಳಕಿನ ವರ್ಷ ಅಂದರೆ ಪಕ್ಕದ ಮನೆ ಇದ್ದ ಹಾಗೆ. ಪಕ್ಕದ ಮನೆಯೇ ಇಷ್ಟು ದಿನ ಕಾಣಲಿಲ್ಲ ಅಂದರೆ ಏನರ್ಥ? ಮತ್ತೆ, ಕಾಣದ್ದನ್ನು ಹುಡುಕುವುದು ಹೇಗೆ?
(ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಉತ್ತರ: ಹತ್ತಿರ ಇರುವುದೇ ಇಲ್ಲಿ ತೊಂದರೆ. ದೂರದ ಗ್ಯಾಲಕ್ಸಿಯ ಕೋಟಿಗಟ್ಟಲೆ ನಕ್ಷತ್ರಗಳ ಬೆಳಕೆಲ್ಲ ಒಂದು ಪುಟ್ಟ ಚುಕ್ಕೆಯಲ್ಲಿ ಒಟ್ಟಾಗಿ ಬರುತ್ತದೆ. ಹಾಗಾಗಿ ಎದ್ದು ಕಾಣುತ್ತದೆ. ಹತ್ತಿರದ ಕುಬ್ಜ ಗ್ಯಾಲಕ್ಸಿಯಲ್ಲಿ ನಕ್ಷತ್ರ ಇರುವುದೇ ಕಡಿಮೆ, ಅವೂ ಆಕಾಶದಲ್ಲಿ ಅಗಲವಾಗಿ ಚೆಲ್ಲಿಕೊಂಡಿರುತ್ತವೆ. ಅಂಗಳದಲ್ಲಿ ಒಂದು ಹಿಡಿ ರಾಗಿ ಚೆಲ್ಲಿದ ಹಾಗೆ. ಸಾಲದ್ದಕ್ಕೆ ನಾವು ನೋಡುವುದು ಆಕಾಶಗಂಗೆಯ ಒಳಗೆ ಕೂತು. ನಮ್ಮದೇ ನಕ್ಷತ್ರಗಳು ಮುಂದೆ ಅಡ್ಡ ಇರುತ್ತವೆ, ಹಿಂದೆ ಬಹಳ ದೂರದ ಗ್ಯಾಲಕ್ಸಿಗಳು ನಕ್ಷತ್ರದ ಹಾಗೇ ಚುಕ್ಕೆಯಾಗಿ ಕಾಣುತ್ತಿರುತ್ತವೆ.

ಸೆಗ್ವೇ 1 ಎಂಬ ಕುಬ್ಜ ಗ್ಯಾಲಕ್ಸಿ ಸಿಂಹ ರಾಶಿಯ ದಿಕ್ಕಿನಲ್ಲಿದೆ, ಸುಮಾರು 75,000 ಬೆಳಕಿನ ವರ್ಷ ದೂರ. ಅದರ ಎಲ್ಲ ನಕ್ಷತ್ರಗಳ ಬೆಳಕು ಕೂಡಿಸಿದರೂ ನಮ್ಮ ಸೂರ್ಯನ ಮುನ್ನೂರು ಪಟ್ಟು ಚಿಲ್ಲರೆ, ಅಷ್ಟೇ. ಒಂದೇ ಒಂದು ಕೆಂಪು ದೈತ್ಯ ನಕ್ಷತ್ರ ಅದಕ್ಕಿಂತ ಜಾಸ್ತಿ ಬೆಳಕು ಕೊಡಬಲ್ಲದು. ಸೆಗ್ವೇ 1 ಇರುವ ಜಾಗದ ಫೋಟೋ ನಿಮ್ಮ ಕೈಗೆ ಕೊಟ್ಟು 'ಗ್ಯಾಲಕ್ಸಿ ತೋರಿಸಿ' ಎಂದರೆ ಸಿಗುವುದೇ ಇಲ್ಲ. ನಾನೂ ಎಷ್ಟೋ ಹೊತ್ತು ಆ ಫೋಟೋ ನೋಡಿದ್ದೇನೆ. ಎಲ್ಲ ಕಡೆ ಇರುವಂಥ ಚುಕ್ಕೆಗಳೇ ಅಲ್ಲೂ ಇವೆ.

ಹಾಗಾದರೆ ಹುಡುಕುವುದು ಹೇಗೆ? ಊರ ಜಾತ್ರೆಯನ್ನು ನೆನೆಸಿಕೊಳ್ಳಿ. ಸಾವಿರಾರು ಜನರ ನಡುವೆ ಒಂದೇ ಹಳ್ಳಿಯಿಂದ ಬಂದ ಇಪ್ಪತ್ತು ಜನ ಇದ್ದಾರೆ. ಮುಖ ನೋಡಿದರೆ ಗೊತ್ತಾಗುವುದಿಲ್ಲ. ಆದರೆ ಅವರೆಲ್ಲ ಒಂದೇ ಟ್ರ್ಯಾಕ್ಟರಿನಲ್ಲಿ ಬಂದವರು, ಒಂದೇ ಥರ ಮಾತಾಡುವವರು, ಸಂಜೆ ಒಂದೇ ದಾರಿ ಹಿಡಿಯುವವರು. ಜನಜಂಗುಳಿಯಲ್ಲಿ ಅವರನ್ನು ಪತ್ತೆ ಹಚ್ಚಬೇಕಾದರೆ ಈ ಗುರುತುಗಳನ್ನೇ ಹಿಡಿಯಬೇಕು, ಅಲ್ವಾ?

ನಕ್ಷತ್ರಗಳಿಗೂ ಅಂಥ ಗುರುತು ಇದೆ. ಪ್ರತಿ ನಕ್ಷತ್ರದ ಫೋಟೋವನ್ನು ಬೇರೆ ಬೇರೆ ಬಣ್ಣದ ಫಿಲ್ಟರ್ ಹಾಕಿ ತೆಗೆಯುತ್ತಾರೆ. ಅದರಿಂದ ಬಣ್ಣ ಎಷ್ಟು, ಪ್ರಕಾಶ ಎಷ್ಟು ಎಂದು ಸಿಗುತ್ತದೆ. ಗ್ರಾಫಿನಲ್ಲಿ ಅಡ್ಡಕ್ಕೆ ಬಣ್ಣ, ಉದ್ದಕ್ಕೆ ಪ್ರಕಾಶ ಹಾಕಿ ಚುಕ್ಕೆ ಇಡುತ್ತಾ ಹೋದರೆ, ಒಟ್ಟಿಗೆ ಹುಟ್ಟಿದ, ಒಂದೇ ದೂರದಲ್ಲಿರುವ ಹಳೆಯ ನಕ್ಷತ್ರಗಳೆಲ್ಲ ಒಂದು ಬಾಗಿದ ಗೆರೆಯ ಮೇಲೆ ಕೂರುತ್ತವೆ. ಗುಂಪು ದೂರ ಇದ್ದಷ್ಟೂ ಆ ಗೆರೆ ಹಾಗೇ ಕೆಳಗೆ, ಮಂದ ಪ್ರಕಾಶದ ಕಡೆಗೆ ಜಾರುತ್ತದೆ. ಈಗ ಕಂಪ್ಯೂಟರಿಗೆ ಹೇಳುವುದು ಇಷ್ಟೇ: 1 ಲಕ್ಷ ಬೆಳಕಿನ ವರ್ಷ ದೂರ ಎಂದುಕೋ, ಆ ದೂರದ ಗೆರೆಯ ಹತ್ತಿರ ಬೀಳುವ ನಕ್ಷತ್ರಗಳನ್ನು ಮಾತ್ರ ಇಟ್ಟುಕೋ, ಉಳಿದದ್ದನ್ನು ಎಸೆ, ಈಗ ಆಕಾಶದ ಯಾವ ಮೂಲೆಯಲ್ಲಿ ಗುಂಪು ಕಾಣುತ್ತದೆ ನೋಡು. ಆಮೇಲೆ ದೂರ ಸ್ವಲ್ಪ ಹೆಚ್ಚಿಸಿ ಮತ್ತೆ ಅದೇ ಕೆಲಸ. ಮತ್ತೆ, ಮತ್ತೆ. ಜರಡಿಯ ತೂತು ಬದಲಿಸಿ ಬದಲಿಸಿ ಇಡೀ ಆಕಾಶವನ್ನು ಜರಡಿ ಹಿಡಿದ ಹಾಗೆ. ಸುತ್ತಮುತ್ತಲಿಗಿಂತ ಹತ್ತಿಪ್ಪತ್ತು ನಕ್ಷತ್ರ ಜಾಸ್ತಿ ಇರುವ ಒಂದು ತುಣುಕು ಸಿಕ್ಕಿತು ಎಂದರೆ, ಅಲ್ಲಿಗೆ ದೊಡ್ಡ ಟೆಲಿಸ್ಕೋಪ್ ತಿರುಗಿಸಿ ಪರೀಕ್ಷೆ ಶುರು.

ಎಷ್ಟು ಜಾಸ್ತಿ ಇದ್ದರೆ ನಂಬಬೇಕು ಎನ್ನುವುದು ಕಷ್ಟದ ತೀರ್ಮಾನ, ನಿಮ್ಮ ಕೆಲಸದಲ್ಲೂ ಇದು ಬರುತ್ತಿರಬಹುದು. ಮಿತಿ ಸಡಿಲ ಮಾಡಿದರೆ ಸುಳ್ಳು ಗುಂಪುಗಳು ಸಿಗುತ್ತವೆ. ದೂರದ ಗ್ಯಾಲಕ್ಸಿಗಳ ಗುಂಪು, ಪ್ರಖರ ನಕ್ಷತ್ರದ ಸುತ್ತಲಿನ ಪ್ರಭೆ, ಫೋಟೋದ ಅಂಚು, ಎಲ್ಲವೂ ಮೋಸ ಮಾಡುತ್ತವೆ. ಬಿಗಿ ಮಾಡಿದರೆ ನಿಜವಾದ ಗ್ಯಾಲಕ್ಸಿಯೇ ಜರಡಿಯಿಂದ ಉದುರಿಹೋಗುತ್ತದೆ.

ಈ ಜರಡಿ ಕೆಲಸಕ್ಕೆ ಆಕಾಶದ ದೊಡ್ಡ ಭಾಗದ ಡಿಜಿಟಲ್ ಪಟ್ಟಿ ಬೇಕು. ಅದು ಬಂದದ್ದು 2000ದಲ್ಲಿ ಶುರುವಾದ ಸ್ಲೋನ್ ಆಕಾಶ ಸಮೀಕ್ಷೆಯಿಂದ. ಅಮೆರಿಕದ ನ್ಯೂ ಮೆಕ್ಸಿಕೋದ ಅಪಾಚೆ ಪಾಯಿಂಟ್‌ನಲ್ಲಿರುವ 2.5 ಮೀಟರ್ ಟೆಲಿಸ್ಕೋಪ್ ಅದು. ಬೆತ್ ವಿಲ್‌ಮನ್ 2005ರಲ್ಲಿ ಆ ಪಟ್ಟಿಯೊಳಗಿಂದ ಸಪ್ತರ್ಷಿ ಮಂಡಲದ ದಿಕ್ಕಿನ ಒಂದು ಕುಬ್ಜ ಗ್ಯಾಲಕ್ಸಿಯನ್ನು ಹೆಕ್ಕಿ ತೆಗೆದರು. ಎರಡು ಮೂರು ವರ್ಷದಲ್ಲಿ ಇನ್ನೂ ಹತ್ತರಷ್ಟು ಸಿಕ್ಕವು. ಕೇಂಬ್ರಿಡ್ಜ್‌ನ ವಸಿಲಿ ಬೆಲೊಕುರೊವ್ ಮತ್ತು ಜೊತೆಗಾರರು ಒಂದೇ ಪ್ರಬಂಧದಲ್ಲಿ ಐದು ಪ್ರಕಟಿಸಿದರು. ಸೆಗ್ವೇ 1 ಅದರಲ್ಲೊಂದು.

ಆಮೇಲೆ ದಕ್ಷಿಣದ ಆಕಾಶದ ಸರದಿ. ಚಿಲಿ ದೇಶದ ಸೆರ್ರೊ ಟೊಲೊಲೊ ಬೆಟ್ಟದ ಮೇಲಿನ 4 ಮೀಟರ್ ಬ್ಲಾಂಕೊ ಟೆಲಿಸ್ಕೋಪಿಗೆ 570 ಮೆಗಾಪಿಕ್ಸೆಲ್ ಕ್ಯಾಮೆರಾ ಕೂರಿಸಿ ಡಾರ್ಕ್ ಎನರ್ಜಿ ಸರ್ವೆ ನಡೆಸಿದರು. ಅದರ ಮೊದಲ ವರ್ಷದ ಫೋಟೋಗಳನ್ನು ಜರಡಿ ಹಿಡಿದ ಎರಡು ತಂಡಗಳು 2015ರ ಮಾರ್ಚಿನಲ್ಲಿ ಒಟ್ಟೊಟ್ಟಿಗೇ ಫಲಿತಾಂಶ ಹೊರಗಿಟ್ಟವು. ಒಂದು ಆ ಸರ್ವೆಯದೇ ತಂಡ, ಅವರಿಗೆ 8 ಸಿಕ್ಕಿದ್ದವು. ಇನ್ನೊಂದು ಕೇಂಬ್ರಿಡ್ಜ್‌ನ ತಂಡ, ಅವರಿಗೆ 9. ಕೇಂಬ್ರಿಡ್ಜ್‌ನವರು ಬಳಸಿದ್ದು ಎಲ್ಲರಿಗೂ ತೆರೆದಿಟ್ಟ ಫೋಟೋಗಳನ್ನು! ನನಗೆ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಭಾಗ ಇದೇ. ಒಂದೇ ಫೋಟೋ ರಾಶಿಯನ್ನು ಎರಡು ಕಡೆ ಬೇರೆ ಬೇರೆ ರೀತಿಯಲ್ಲಿ ಸೋಸಿದರು, ಹೆಚ್ಚುಕಡಿಮೆ ಅವೇ ಗ್ಯಾಲಕ್ಸಿಗಳು ಇಬ್ಬರಿಗೂ ಸಿಕ್ಕವು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಾ?

ಪ್ರಶ್ನೆ: 60 ನಕ್ಷತ್ರಗಳಿರುವ ಗ್ಯಾಲಕ್ಸಿ ಸಿಕ್ಕಿದೆ ಎಂದು ಸುದ್ದಿ ಓದಿದೆ. ನನ್ನ ತರಗತಿಯಲ್ಲೇ 60 ಮಕ್ಕಳಿದ್ದಾರೆ! 60 ನಕ್ಷತ್ರ ಇದ್ದರೆ ಅದನ್ನು ನಕ್ಷತ್ರ ಪುಂಜ ಎನ್ನಬೇಕು, ಗ್ಯಾಲಕ್ಸಿ ಎಂದು ಹೇಗೆ ಕರೆಯುತ್ತಾರೆ?
(ಹೈಸ್ಕೂಲ್ ಶಿಕ್ಷಕರು, ಶಿರಸಿ)

ಉತ್ತರ: ಸರಿಯಾದ ಜಾಗದಲ್ಲೇ ಕೈಯಿಟ್ಟಿದ್ದೀರಿ ಮೇಷ್ಟ್ರೇ. ತಲೆ ಎಣಿಸಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಎಷ್ಟೋ ನಕ್ಷತ್ರ ಪುಂಜಗಳಲ್ಲಿ (ಇಲ್ಲಿ ಪುಂಜ ಎಂದರೆ ರಾಶಿಯಲ್ಲ, ಒಟ್ಟಿಗೆ ಹುಟ್ಟಿ ಒಟ್ಟಿಗೇ ಇರುವ ನಕ್ಷತ್ರಗಳ ಗುಂಪು) ಲಕ್ಷಗಟ್ಟಲೆ ನಕ್ಷತ್ರಗಳಿವೆ, ಆದರೂ ಅವು ಗ್ಯಾಲಕ್ಸಿ ಅಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಈ ನಕ್ಷತ್ರಗಳನ್ನು ಒಟ್ಟಿಗೆ ಹಿಡಿದಿಟ್ಟಿರುವುದು ಏನು?

ನಕ್ಷತ್ರ ಪುಂಜದಲ್ಲಿ ನಕ್ಷತ್ರಗಳ ತೂಕವೇ ಅವನ್ನು ಹಿಡಿದಿರುತ್ತದೆ, ಲೆಕ್ಕ ತಾಳೆಯಾಗುತ್ತದೆ. ಗ್ಯಾಲಕ್ಸಿಯಲ್ಲಿ ತಾಳೆಯಾಗುವುದಿಲ್ಲ. ಕಣ್ಣಿಗೆ ಕಾಣದ ಏನೋ ಒಂದರ ತೂಕ ಬೇಕೇಬೇಕು. ಅದನ್ನೇ ಡಾರ್ಕ್ ಮ್ಯಾಟರ್, ಕಪ್ಪು ದ್ರವ್ಯ ಎನ್ನುವುದು. ಅದನ್ನು ತೂಗುವುದು ನಕ್ಷತ್ರಗಳ ವೇಗದಿಂದ. ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಅದರಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ನಕ್ಷತ್ರ ನಮ್ಮ ಕಡೆ ಬರುತ್ತಿದ್ದರೆ ಗೆರೆಗಳು ನೀಲಿ ಕಡೆಗೆ, ದೂರ ಹೋಗುತ್ತಿದ್ದರೆ ಕೆಂಪು ಕಡೆಗೆ ಸರಿಯುತ್ತವೆ. ಎಷ್ಟು ಸರಿದಿವೆ ಎಂದು ಅಳೆದರೆ ವೇಗ ಸಿಕ್ಕಿತು. ಹವಾಯಿಯ ಕೆಕ್ ಟೆಲಿಸ್ಕೋಪಿನಲ್ಲಿ ಜೋಶ್ ಸೈಮನ್, ಮಾರ್ಲಾ ಗೆಹಾ ಮತ್ತು ಸಂಗಡಿಗರು ಸೆಗ್ವೇ 1ರ ನಕ್ಷತ್ರಗಳನ್ನು ಹೀಗೆ ಒಂದೊಂದಾಗಿ ಅಳೆದರು, 71 ನಕ್ಷತ್ರ ಅದಕ್ಕೇ ಸೇರಿದವು ಎಂದು ಗುರುತಿಸಿದರು. ಅವು ಒಂದಕ್ಕೊಂದು ಹೋಲಿಸಿದರೆ ಸೆಕೆಂಡಿಗೆ ಸುಮಾರು 4 ಕಿಲೋಮೀಟರ್ ಹೆಚ್ಚುಕಡಿಮೆ ವೇಗದಲ್ಲಿ ಓಡಾಡುತ್ತಿವೆ. ಕಾಣುವ ನಕ್ಷತ್ರಗಳ ತೂಕ ಮಾತ್ರ ಇದ್ದಿದ್ದರೆ ಈ ವ್ಯತ್ಯಾಸ ಅರ್ಧ ಕಿಲೋಮೀಟರೂ ಇರಬಾರದಿತ್ತು. ಗುಂಪು ಯಾವತ್ತೋ ಚೆದುರಿಹೋಗಬೇಕಿತ್ತು. ಚೆದುರಿಲ್ಲ. ಲೆಕ್ಕ ಹಾಕಿದರೆ, ಅದು ಕೊಡುವ ಬೆಳಕಿಗೆ ಹೋಲಿಸಿದರೆ ಅದರ ತೂಕ ಸೂರ್ಯನಿಗಿಂತ ಸುಮಾರು ಮೂರು ಸಾವಿರ ಪಟ್ಟು ಜಾಸ್ತಿ. ಮೂರು ಸಾವಿರ!

ಇನ್ನೊಂದು ಗುರುತೂ ಇದೆ. ಪುಂಜದ ನಕ್ಷತ್ರಗಳಲ್ಲಿ ಕಬ್ಬಿಣದ ಅಂಶ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಕುಬ್ಜ ಗ್ಯಾಲಕ್ಸಿಯಲ್ಲಿ ಬೇರೆ ಬೇರೆ ಇರುತ್ತದೆ. ಅಂದರೆ ಅಲ್ಲಿ ಒಂದು ತಲೆಮಾರಿನ ನಕ್ಷತ್ರಗಳು ಸ್ಫೋಟಗೊಂಡು, ಆ ಬೂದಿಯನ್ನು ಗುರುತ್ವ ಹೊರಗೆ ಹೋಗಲು ಬಿಡದೆ ಹಿಡಿದಿಟ್ಟು, ಅದೇ ಬೂದಿಯಿಂದ ಮುಂದಿನ ತಲೆಮಾರು ಹುಟ್ಟಿದೆ.

ಈಗ ನೀವು ಓದಿದ 60 ನಕ್ಷತ್ರದ ಸುದ್ದಿಗೆ ಬರೋಣ. ಅದರ ಹೆಸರು ಅರ್ಸಾ ಮೇಜರ್ 3, ಅದೂ ಸಪ್ತರ್ಷಿಗಳ ದಿಕ್ಕಿನಲ್ಲೇ ಇದೆ. ಹವಾಯಿಯ ಟೆಲಿಸ್ಕೋಪುಗಳಿಂದ ನಡೆಯುತ್ತಿರುವ ಯೂನಿಯನ್ಸ್ ಎಂಬ ಸಮೀಕ್ಷೆಯಲ್ಲಿ ಸಿಕ್ಕಿತು. ಸೈಮನ್ ಸ್ಮಿತ್ ಮತ್ತು ಜೊತೆಗಾರರ ಪ್ರಬಂಧ 2024ರಲ್ಲಿ ಪ್ರಕಟವಾಯಿತು. ನಕ್ಷತ್ರಗಳೆಲ್ಲ ಸೇರಿ 16 ಸೂರ್ಯರ ತೂಕ, ಅಷ್ಟೇ. ಕೆಕ್ ಟೆಲಿಸ್ಕೋಪಿನಲ್ಲಿ ಅದರ 11 ನಕ್ಷತ್ರಗಳ ವೇಗ ಸಿಕ್ಕಿತು. ವೇಗಗಳ ಹರಡು ಸೆಕೆಂಡಿಗೆ 3.7 ಕಿಲೋಮೀಟರ್. ಗ್ಯಾಲಕ್ಸಿ ಎನ್ನಲು ಇದು ಧಾರಾಳ ಸಾಕು. ಆದರೆ ಗುಂಪಿನಿಂದ ಜಾಸ್ತಿ ಆಚೆ ಇರುವ ಒಂದೇ ಒಂದು ನಕ್ಷತ್ರವನ್ನು ಬಿಟ್ಟು ಲೆಕ್ಕ ಹಾಕಿದರೆ 3.7 ಇದ್ದದ್ದು 1.9ಕ್ಕೆ ಇಳಿಯುತ್ತದೆ. ಇನ್ನೊಂದನ್ನೂ ಬಿಟ್ಟರೆ ಅಳೆಯಲು ಏನೂ ಉಳಿಯುವುದಿಲ್ಲ! ಆ ಎರಡು ನಕ್ಷತ್ರಗಳು ಜೋಡಿ ನಕ್ಷತ್ರಗಳಾಗಿದ್ದು, ತಮ್ಮ ಸಂಗಾತಿಯ ಸುತ್ತ ಸುತ್ತುತ್ತಿರುವುದರಿಂದ ವೇಗ ಜಾಸ್ತಿ ಕಾಣುತ್ತಿದ್ದರೆ? ಆಗ ಕಪ್ಪು ದ್ರವ್ಯದ ಮಾತೇ ಬಿದ್ದುಹೋಗುತ್ತದೆ. ಇದನ್ನೆಲ್ಲ ಅವರೇ ತಮ್ಮ ಪ್ರಬಂಧದಲ್ಲಿ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಹಾಗಾಗಿ ಅದು ಗ್ಯಾಲಕ್ಸಿಯೋ ಪುಂಜವೋ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ. ಮಕ್ಕಳಿಗೆ ಹೇಳುವಾಗ 'ಇರಬಹುದು' ಎಂದೇ ಹೇಳಿ, ದಯವಿಟ್ಟು. ಆ ಎರಡು ನಕ್ಷತ್ರಗಳ ಕಥೆಯನ್ನೂ ಹೇಳಿ.

ಪ್ರಶ್ನೆ: ಕಂಪ್ಯೂಟರ್ ಲೆಕ್ಕದ ಪ್ರಕಾರ ಆಕಾಶಗಂಗೆಗೆ ನೂರಾರು ಉಪಗ್ರಹಗಳು ಇರಬೇಕು ಎನ್ನುತ್ತಾರೆ. ಉಳಿದವು ಎಲ್ಲಿ ಹೋದವು?
(ಎಂಎಸ್ಸಿ ವಿದ್ಯಾರ್ಥಿ, ಧಾರವಾಡ)

ಉತ್ತರ: 1999ರಲ್ಲಿ ಈ ಪ್ರಶ್ನೆ ಜೋರಾಗಿ ಎದ್ದಿತು. ಕಪ್ಪು ದ್ರವ್ಯದ ಉಂಡೆಗಳು ಲೆಕ್ಕದಲ್ಲಿ ನೂರಾರು, ಕಣ್ಣಿಗೆ ಸಿಕ್ಕಿದ್ದು ಹನ್ನೊಂದು. ಇಷ್ಟು ವರ್ಷದಲ್ಲಿ ಎರಡು ಕಡೆಯಿಂದ ಉತ್ತರ ಬಂದಿದೆ. ಒಂದು, ನಮ್ಮ ಜರಡಿ ಒರಟಾಗಿತ್ತು, ಅದು ಸೂಕ್ಷ್ಮವಾದ ಹಾಗೆ ಸಂಖ್ಯೆ ಏರಿತು. ಎರಡನೆಯದು, ತೀರಾ ಚಿಕ್ಕ ಉಂಡೆಗಳಲ್ಲಿ ನಕ್ಷತ್ರವೇ ಹುಟ್ಟಿರಲಿಕ್ಕಿಲ್ಲ. ವಿಶ್ವದ ಮೊದಲ ನಕ್ಷತ್ರಗಳ ಬೆಳಕಿನಿಂದ ಸುತ್ತಲಿನ ಅನಿಲ ಕಾದುಹೋಯಿತು. ಕಾದ ಅನಿಲವನ್ನು ಹಿಡಿದಿಡುವ ಶಕ್ತಿ ಚಿಕ್ಕ ಉಂಡೆಗಳಿಗೆ ಇಲ್ಲ. ಅನಿಲ ಇಲ್ಲದಿದ್ದರೆ ನಕ್ಷತ್ರವೂ ಇಲ್ಲ.

ಇನ್ನು ಎಷ್ಟು ಉಳಿದಿವೆ ಎಂದು ಹೇಳಬೇಕಾದದ್ದು ಚಿಲಿಯ ಸೆರ್ರೊ ಪಚೋನ್ ಬೆಟ್ಟದ ಮೇಲಿನ ವೆರಾ ರೂಬಿನ್ ವೀಕ್ಷಣಾಲಯ. ಅದರ ಮೊದಲ ಚಿತ್ರಗಳು 2025ರ ಜೂನ್‌ನಲ್ಲಿ ಹೊರಬಂದವು. 8.4 ಮೀಟರ್ ಕನ್ನಡಿ, ಕಾರಿನಷ್ಟು ದೊಡ್ಡ 3,200 ಮೆಗಾಪಿಕ್ಸೆಲ್ ಕ್ಯಾಮೆರಾ. ಒಂದೊಂದು ಫೋಟೋದಲ್ಲಿ ಸುಮಾರು 45 ಹುಣ್ಣಿಮೆ ಚಂದ್ರರು ಹಿಡಿಯುವಷ್ಟು ಆಕಾಶ. ಹತ್ತು ವರ್ಷ ಅದೇ ಆಕಾಶವನ್ನು ಮತ್ತೆ ಮತ್ತೆ ತೆಗೆದು ಒಂದರ ಮೇಲೊಂದು ಪೇರಿಸುವುದು ಯೋಜನೆ. ಪೇರಿಸಿದಷ್ಟೂ ಮಂದ ನಕ್ಷತ್ರಗಳು ಮೇಲೆ ಬರುತ್ತವೆ. ನೀವು ಓದು ಮುಗಿಸಿ ಸಂಶೋಧನೆಗೆ ಇಳಿಯುವ ಹೊತ್ತಿಗೆ ಸರಿಯಾಗಿ ಅದರ ರಾಶಿ ಬೆಳೆದಿರುತ್ತದೆ. ಅಲ್ಲಿಯವರೆಗೆ ಸುಮ್ನೆ ಕೂರಬೇಡಿ. ಸ್ಲೋನ್, ಡಾರ್ಕ್ ಎನರ್ಜಿ ಸರ್ವೆ, ಯುರೋಪಿನ ಗಾಯಾ ಉಪಗ್ರಹ, ಮೂರರ ಪಟ್ಟಿಗಳೂ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತವೆ. ಡ್ರೇಕೊ ಕುಬ್ಜ ಗ್ಯಾಲಕ್ಸಿ ಇರುವ ಜಾಗದ ನಕ್ಷತ್ರಗಳನ್ನು ಇಳಿಸಿಕೊಂಡು ಬಣ್ಣ ಮತ್ತು ಪ್ರಕಾಶದ ಗ್ರಾಫ್ ಹಾಕಿ ನೋಡಿ. ಚುಕ್ಕೆಗಳ ಗೊಂದಲದ ನಡುವೆ ಆ ಬಾಗಿದ ಗೆರೆ ನಿಮ್ಮ ಸ್ಕ್ರೀನಿನ ಮೇಲೆ ಮೂಡುವ ಗಳಿಗೆ ಇದೆಯಲ್ಲ, ಅದನ್ನು ಪುಸ್ತಕ ಓದಿ ಪಡೆಯಲು ಆಗುವುದಿಲ್ಲ.

ಪ್ರಶ್ನೆ: ಮಗಳು ಖಗೋಳ ವಿಜ್ಞಾನ ಓದುತ್ತೇನೆ ಎನ್ನುತ್ತಾಳೆ. ಬೇಡ ಎನ್ನುವುದಿಲ್ಲ. ಆದರೆ ಕಾಣದ ಗ್ಯಾಲಕ್ಸಿ ಹುಡುಕಿದರೆ ಯಾರಿಗೆ ಏನು ಉಪಯೋಗ? ನಾನು ಚಿನ್ನ ಬೆಳ್ಳಿ ಕೆಲಸ ಮಾಡುವವನು, ಕೇಳಿದ್ದು ತಪ್ಪಾದರೆ ಕ್ಷಮಿಸಿ.
(ಓದುಗರು, ದಾವಣಗೆರೆ)

ಉತ್ತರ: ತಪ್ಪೇನೂ ಇಲ್ಲ ಅಣ್ಣಾ. ಅದರಲ್ಲೂ ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು, ಯಾಕೆಂದರೆ ಇದರಲ್ಲಿ ನಿಮ್ಮ ಕಸುಬಿನ ವಿಷಯವೇ ಇದೆ.

2015ರ ಮಾರ್ಚಿನಲ್ಲಿ ಸಿಕ್ಕವುಗಳಲ್ಲಿ ರೆಟಿಕ್ಯುಲಮ್ 2 ಎಂಬುದೊಂದು, ಸುಮಾರು 1 ಲಕ್ಷ ಬೆಳಕಿನ ವರ್ಷ ದೂರ. ಆಗ ವಿದ್ಯಾರ್ಥಿಯಾಗಿದ್ದ ಅಲೆಕ್ಸ್ ಜಿ, ಅವರ ಗುರು ಆನಾ ಫ್ರೆಬೆಲ್ ಮತ್ತು ತಂಡದವರು ಚಿಲಿಯ ಮೆಜೆಲ್ಲನ್ ಟೆಲಿಸ್ಕೋಪಿನಲ್ಲಿ ಅದರ 9 ನಕ್ಷತ್ರಗಳ ಬೆಳಕನ್ನು ಬಿಡಿಸಿ ನೋಡಿದರು. ಇಂಥ ಪುಟ್ಟ ಗ್ಯಾಲಕ್ಸಿಗಳಲ್ಲಿ ಭಾರದ ಲೋಹಗಳು ಹೆಚ್ಚುಕಡಿಮೆ ಇರುವುದೇ ಇಲ್ಲ. ಆದರೆ ಇಲ್ಲಿ 9ರಲ್ಲಿ 7 ನಕ್ಷತ್ರಗಳಲ್ಲಿ ಯೂರೋಪಿಯಂ ಎಂಬ ಭಾರದ ಲೋಹದ ಗೆರೆ ಗಾಢವಾಗಿ ಕಂಡಿತು. ಬೇರೆ ಅಂಥ ಗ್ಯಾಲಕ್ಸಿಗಳಿಗೆ ಹೋಲಿಸಿದರೆ ನೂರಾರು ಪಟ್ಟು ಜಾಸ್ತಿ. ಯೂರೋಪಿಯಂ ತಯಾರಾಗುವ ಕುಲುಮೆಯಲ್ಲೇ ಚಿನ್ನವೂ ತಯಾರಾಗುವುದು. ಸಾಮಾನ್ಯ ನಕ್ಷತ್ರ ಸ್ಫೋಟಗಳಿಂದ ಒಂದಿಷ್ಟೊಂದಿಷ್ಟೇ ಬಂದಿದ್ದರೆ ಎಲ್ಲ ಕುಬ್ಜ ಗ್ಯಾಲಕ್ಸಿಗಳಲ್ಲೂ ಸ್ವಲ್ಪ ಸ್ವಲ್ಪ ಇರಬೇಕಿತ್ತು. ಹಾಗಿಲ್ಲ, ಉಳಿದವುಗಳಲ್ಲಿ ಹೆಚ್ಚುಕಡಿಮೆ ಸೊನ್ನೆ, ಇದೊಂದರಲ್ಲಿ ರಾಶಿ. ಹಾಗಾದರೆ ಅಪರೂಪಕ್ಕೆ ನಡೆಯುವ, ನಡೆದಾಗ ಮೊಗೆಮೊಗೆದು ಸುರಿಯುವ ಒಂದೇ ಘಟನೆ ಅಲ್ಲಿ ನಡೆದಿರಬೇಕು. ಎರಡು ನ್ಯೂಟ್ರಾನ್ ನಕ್ಷತ್ರಗಳು (ದೊಡ್ಡ ನಕ್ಷತ್ರ ಸ್ಫೋಟಗೊಂಡ ಮೇಲೆ ಉಳಿಯುವ ಬಹಳ ದಟ್ಟವಾದ ತಿರುಳುಗಳು) ಡಿಕ್ಕಿ ಹೊಡೆದರೆ ಹೀಗಾಗುತ್ತದೆ ಎಂದು ಅವರು 2016ರಲ್ಲಿ ಬರೆದರು. ಮರುವರ್ಷ, 2017ರ ಆಗಸ್ಟ್‌ನಲ್ಲಿ, ಅಂಥ ಒಂದು ಡಿಕ್ಕಿಯ ಗುರುತ್ವ ಅಲೆಗಳೂ ಬೆಳಕೂ ಭೂಮಿಗೆ ತಲುಪಿದವು. ಭಾರದ ಲೋಹಗಳು ಅಲ್ಲಿ ಹುಟ್ಟಿದ ಗುರುತು ಆ ಬೆಳಕಿನಲ್ಲೇ ಇತ್ತು.

ನಿಮ್ಮ ಮೂಸೆಯಲ್ಲಿ ಕರಗುವ ಚಿನ್ನ ಭೂಮಿಯ ಮೇಲೆ ತಯಾರಾದದ್ದಲ್ಲ, ಸೂರ್ಯ ಹುಟ್ಟುವುದಕ್ಕೂ ಮುಂಚಿನದು. ಅದು ಎಂಥ ಕುಲುಮೆಯಿಂದ ಬಂದಿರಬಹುದು ಎಂದು ಹೇಳಿದ ಸಾಕ್ಷಿಗಳಲ್ಲಿ ಬರಿಗಣ್ಣಿಗೆ ಕಾಣದ ಈ ಪುಟ್ಟ ಗ್ಯಾಲಕ್ಸಿಯೂ ಒಂದು. ಉಪಯೋಗ ಎಂದರೆ ನನಗೆ ಇದೂ ಒಂದು ಉಪಯೋಗವೇ. ಸಂಬಳದ ಮಾತಾದರೆ, ಕೋಟಿಗಟ್ಟಲೆ ಚುಕ್ಕೆಗಳ ಪಟ್ಟಿಯಿಂದ ಇಪ್ಪತ್ತನ್ನು ಆರಿಸುವುದು ಕಲಿತವರಿಗೆ ಬೇರೆ ಕಡೆಯೂ ಕೆಲಸ ಸಿಗುತ್ತದೆ. ಮಗಳಿಗೆ ಗಣಿತ ಮತ್ತು ಪ್ರೋಗ್ರಾಮಿಂಗ್ ಗಟ್ಟಿ ಮಾಡಿಕೊಳ್ಳಲು ಹೇಳಿ.

ಪ್ರಶ್ನೆ: ನಮ್ಮೂರಿನಿಂದ ಇಂಥ ಒಂದು ಉಪಗ್ರಹ ಗ್ಯಾಲಕ್ಸಿಯನ್ನಾದರೂ ಕಣ್ಣಲ್ಲಿ ನೋಡಬಹುದಾ?
(ರೈತರು, ಚಾಮರಾಜನಗರ ಜಿಲ್ಲೆ)

ಉತ್ತರ: ನೋಡಬಹುದು, ಕರ್ನಾಟಕದಲ್ಲಿ ನಿಮಗಿರುವ ಅವಕಾಶ ಬೇರೆಯವರಿಗಿಲ್ಲ. ದೊಡ್ಡ ಮೆಗೆಲ್ಲನ್ ಮೋಡ ಸುಮಾರು 1 ಲಕ್ಷ 60 ಸಾವಿರ ಬೆಳಕಿನ ವರ್ಷ ದೂರದಲ್ಲಿದೆ. ನಿಮ್ಮಲ್ಲಿ ಅದು ದಿಗಂತದಿಂದ 8 ಡಿಗ್ರಿಯಷ್ಟು ಮಾತ್ರ ಮೇಲೆ ಬರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ 10 ಡಿಗ್ರಿ, ಅದಕ್ಕಿಂತಲೂ ಕೆಳಗೆ. ಬೀದರ್ ಕಡೆಯವರಿಗೆ ಎರಡೂವರೆ ಡಿಗ್ರಿಯೂ ಏರುವುದಿಲ್ಲ, ಅವರು ಆಸೆ ಬಿಡುವುದೇ ಒಳ್ಳೆಯದು.

ಜನವರಿ ಮಧ್ಯಭಾಗದಲ್ಲಿ, ಅಮಾವಾಸ್ಯೆಯ ಹತ್ತಿರದ ದಿನ, ರಾತ್ರಿ 10 ಗಂಟೆ ಹೊತ್ತಿಗೆ ಹೊಲಕ್ಕೆ ಹೋಗಿ. ದಕ್ಷಿಣಕ್ಕೆ ಬೆಟ್ಟ, ತೋಟ, ಊರಿನ ದೀಪ ಯಾವುದೂ ಅಡ್ಡ ಇರಬಾರದು. ಮೊದಲು ಅಗಸ್ತ್ಯ ನಕ್ಷತ್ರ ಹಿಡಿಯಿರಿ, ದಕ್ಷಿಣದಲ್ಲಿ ಅಷ್ಟು ಕೆಳಗೆ ಅದರಷ್ಟು ಹೊಳೆಯುವುದು ಬೇರೊಂದಿಲ್ಲ. ಅಲ್ಲಿಂದ ನೇರ ಕೆಳಗೆ, ಸ್ವಲ್ಪ ಬಲಕ್ಕೆ, ದಿಗಂತದ ಕಡೆ ಇಳಿಯುತ್ತಾ ಬನ್ನಿ. ಕಣ್ಣು ಕತ್ತಲಿಗೆ ಹೊಂದಲು ಅರ್ಧ ಗಂಟೆ ಬೇಕು, ಅಷ್ಟು ಹೊತ್ತು ಮೊಬೈಲ್ ತೆಗೆಯಬೇಡಿ. ಚಳಿಗಾಲದ ಮಂಜು, ಧೂಳು ಇದ್ದ ದಿನ ಕಾಣುವುದಿಲ್ಲ. ಹಿಂದಿನ ದಿನ ಮಳೆ ಬಿದ್ದು ಗಾಳಿ ತೊಳೆದಂತಿದ್ದರೆ ಆ ರಾತ್ರಿ ಬಿಡಬೇಡಿ. ಬೈನಾಕ್ಯುಲರ್ ಇದ್ದರೆ ತೆಗೆದುಕೊಂಡು ಹೋಗಿ. ಹೊಗೆಯ ಒಂದು ತುಣುಕು ಅಲ್ಲೇ ನಿಂತ ಹಾಗೆ ಕಂಡರೆ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಮೋಡವಾದರೆ ಸರಿದುಹೋಗಿರುತ್ತದೆ. ಅಗಸ್ತ್ಯನ ಕೆಳಗೆ ಅದೇ ಜಾಗದಲ್ಲಿ ಉಳಿದಿದ್ದರೆ ನನಗೆ ಪತ್ರ ಬರೆಯಿರಿ.